ಅಕ್ಷರವೋ ಆಕಾರವೋ: ಪುಣೆಯಲ್ಲಿ ಕನ್ನಡ ಕಂಪ್ಯೂಟರ್ ಹತ್ತಿದ ಕಥೆ

ಈ ವಾರದ ಮಾತನ್ನು ಓದೋಕೆ ಅನುಕೂಲ ಆಗುವ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ. ವಿಡಿಯೋದಲ್ಲಿ ಪರದೆ ಮೇಲೆ ತೋರಿಸಿದ್ದನ್ನೆಲ್ಲ ಇಲ್ಲಿ ಮಾತಲ್ಲೇ ಹೇಳಬೇಕು, ಹಾಗಾಗಿ ಒಂದೆರಡು ಕಡೆ ಉದ್ದ ಆಗಿದೆ. ಸಹಿಸಿಕೊಳ್ಳಿ.

ಮೊದಲು ಒಂದು ಸಣ್ಣ ಪ್ರಯೋಗ. ಹದಿನೈದು ಇಪ್ಪತ್ತು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಯಾವುದಾದ್ರೂ ಫೈಲ್ ನಿಮ್ಮ ಹತ್ರ ಇದ್ರೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಅದನ್ನ ತೆಗೆದು ನೋಡಿ. ‘ಕನ್ನಡ’ ಅಂತ ಇರಬೇಕಾದ ಜಾಗದಲ್ಲಿ ಏಳು ಗುರುತುಗಳು ಕಾಣುತ್ತವೆ. ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಂದು ಗೀಟಿನ ಎ. ಫೈಲ್ ಕೆಟ್ಟಿಲ್ಲ. ಅದರೊಳಗೆ ಮೊದಲಿಂದಲೂ ಇದ್ದದ್ದೇ ಇದು. ಕನ್ನಡ ಅಂತ ನಾವು ಅಂದುಕೊಂಡಿದ್ದು ಫಾಂಟ್ ಹಾಕಿದ್ದ ವೇಷ ಅಷ್ಟೇ.

ಇದು ಯಾಕೆ ಹೀಗಾಯ್ತು ಅನ್ನೋದಕ್ಕೆ ಉತ್ತರ ಹುಡುಕ್ತಾ ಹೋದ್ರೆ ನಾನು ಕೆಲಸ ಮಾಡೋ ಊರಿಗೇ, ಪುಣೆಗೇ, ಬಂದು ನಿಲ್ಲುತ್ತೆ. ಅದೂ ಎರಡು ದಾರಿಯಿಂದ. ಕನ್ನಡವನ್ನು ಸರಿಯಾಗಿ ಉಳಿಸೋ ದಾರಿ 1988ರಲ್ಲೇ ಇಲ್ಲಿ ಸಿದ್ಧವಾಗ್ತಿತ್ತು. ಬೇಗ ಅಚ್ಚಾಗುವ ದಾರಿಯೂ ಇದೇ ಊರಿಂದ ಹೊರಟಿತು. ಗೆದ್ದಿದ್ದು ಎರಡನೆಯದು. ಸಾಲ ತೀರಿಸ್ತಿರೋದು ನಾವು.

ಕಥೆ ಶುರುವಾಗೋದು ಮಾತ್ರ ಕಾನ್ಪುರದಲ್ಲಿ. ಅಲ್ಲಿನ ಐಐಟಿಯಲ್ಲಿ ಪ್ರೊ. ಆರ್.ಎಂ.ಕೆ. ಸಿನ್ಹಾ ಮತ್ತವರ ತಂಡ 1970ರ ದಶಕದಿಂದಲೇ ದೇವನಾಗರಿಯನ್ನು ಕಂಪ್ಯೂಟರಿಗೆ ತರೋ ಕೆಲಸದಲ್ಲಿತ್ತು. 1983ರಲ್ಲಿ ದೆಹಲಿಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ಒಂದು ಮಾದರಿ ಯಂತ್ರವನ್ನೂ ತೋರಿಸಿದರು. ಆ ಕೆಲಸ ಮುಂದುವರಿದು ಜಿಸ್ಟ್ ಅನ್ನೋ ಹೆಸರು ಪಡೆಯಿತು. ಪೂರ್ತಿ ಹೆಸರು ಗ್ರಾಫಿಕ್ಸ್ ಅಂಡ್ ಇಂಟೆಲಿಜೆನ್ಸ್ ಬೇಸ್ಡ್ ಸ್ಕ್ರಿಪ್ಟ್ ಟೆಕ್ನಾಲಜಿ. ಅದರ ಮುಖ್ಯ ತಲೆ ಮೋಹನ್ ತಾಂಬೆ.

1988ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಪುಣೆಯಲ್ಲಿ ಸಿ-ಡ್ಯಾಕ್ ಕಟ್ಟಿತು. ಮುಖ್ಯಸ್ಥರು ವಿಜಯ್ ಭಟ್ಕರ್. ಸಿ-ಡ್ಯಾಕ್ ಅಂದ ತಕ್ಷಣ ಎಲ್ಲರೂ ಪರಮ್ ಸೂಪರ್ ಕಂಪ್ಯೂಟರ್ ಕಥೆ ಹೇಳ್ತಾರೆ. ಅಮೆರಿಕ ಸೂಪರ್ ಕಂಪ್ಯೂಟರ್ ಕೊಡೋಕೆ ಹಿಂದೆ ಮುಂದೆ ನೋಡಿತು, ನಾವು ಟ್ರಾನ್ಸ್‌ಪ್ಯೂಟರ್ ಅನ್ನೋ ಸಣ್ಣ ಸಣ್ಣ ಚಿಪ್‌ಗಳನ್ನು ಒಂದಕ್ಕೊಂದು ಜೋಡಿಸಿ 1991ರಲ್ಲಿ ಪರಮ್ 8000 ಮಾಡಿದೆವು ಅಂತ. ಒಳ್ಳೆ ಕಥೆಯೇ, ಇನ್ನೊಂದು ದಿನ ಮಾಡೋಣ. ಆದ್ರೆ ಅದೇ 1988ರಲ್ಲಿ ಜಿಸ್ಟ್ ತಂಡವೂ ಕಾನ್ಪುರದಿಂದ ಪುಣೆಗೆ ಬಂತು ಅನ್ನೋದನ್ನ ಯಾರೂ ಹೇಳಲ್ಲ. ನನ್ನ ಪ್ರಕಾರ ಒಬ್ಬ ಸಾಮಾನ್ಯ ಮನುಷ್ಯನ ಬದುಕಿಗೆ ಹೆಚ್ಚು ತಾಗಿದ್ದು ಈ ಎರಡನೇ ಕೆಲಸ. ನೀವು ಈಗ ಈ ಸಾಲು ಓದ್ತಿದ್ದೀರಲ್ಲ, ಇದರ ಪ್ರತಿ ಅಕ್ಷರದ ನಂಬರಿನಲ್ಲೂ ಅದರ ಗುರುತು ಇದೆ. ಹೇಗೆ ಅಂತ ಹೇಳ್ತೀನಿ.

ಸಮಸ್ಯೆ ಏನಿತ್ತು? ಆಗಿನ ಕಂಪ್ಯೂಟರ್ ಒಂದು ಅಕ್ಷರಕ್ಕೆ ಒಂದು ಬೈಟ್ ಇಡ್ತಿತ್ತು. ಒಂದು ಬೈಟ್‌ನಲ್ಲಿ 256 ಸಂಖ್ಯೆಗೆ ಜಾಗ. ಮೊದಲ 128 ಇಂಗ್ಲಿಷಿಗೇ ಹೋಗಿದೆ. ಉಳಿದ 128ರಲ್ಲಿ ಕನ್ನಡ ಕೂರಿಸಬೇಕು. ಈಗ ನಮ್ಮ ಬರಹ ನೋಡಿ. ಕ, ಕಾ, ಕಿ, ಕೀ ಅಂತ ಗುಣಿತಾಕ್ಷರ, ಅದರ ಮೇಲೆ ಒತ್ತಕ್ಷರ, ಒತ್ತಿಗೊಂದು ಒತ್ತು. ಕಣ್ಣಿಗೆ ಕಾಣೋ ಪ್ರತಿ ಆಕಾರಕ್ಕೂ ಒಂದೊಂದು ಸಂಖ್ಯೆ ಕೊಡ್ತೀನಿ ಅಂತ ಹೊರಟ್ರೆ ಸಾವಿರಗಟ್ಟಲೆ ಬೇಕು.

ಜಿಸ್ಟ್ ತಂಡದ ಉತ್ತರ ಸರಳವಾಗಿತ್ತು. ಆಕಾರವನ್ನು ಉಳಿಸಬೇಡಿ, ಅಕ್ಷರವನ್ನು ಉಳಿಸಿ. ನಾವು ಬಾಯಲ್ಲಿ ಹೇಳೋ ಕ್ರಮದಲ್ಲೇ ವ್ಯಂಜನ, ಹಲಂತ, ಸ್ವರಚಿಹ್ನೆ ಸಾಲಾಗಿ ಇಟ್ಟುಬಿಡಿ. ‘ಸ್ತ್ರೀ’ ಅಂದ್ರೆ ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಆರು ಸಂಖ್ಯೆ, ಅಷ್ಟೇ. ಅದು ಪರದೆ ಮೇಲೆ ಹೇಗೆ ಕಾಣಬೇಕು ಅನ್ನೋದು ತೋರಿಸುವವನ ತಲೆನೋವು, ಉಳಿಸುವವನದ್ದಲ್ಲ. ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ, ನಮ್ಮ ವರ್ಣಮಾಲೆಯೇ ಹೀಗೆ ಜೋಡಿಸಿಟ್ಟಿದ್ದು. ಇಂಜಿನಿಯರ್ ಭಾಷೆಯಲ್ಲಿ ಹೇಳಬೇಕಂದ್ರೆ ಡೇಟಾ ಬೇರೆ, ಡಿಸ್‌ಪ್ಲೇ ಬೇರೆ. ಇವತ್ತು ಕಾಲೇಜಿನ ಮೊದಲ ವರ್ಷದ ಹುಡುಗರಿಗೂ ಪಾಠ ಮಾಡ್ತೀವಿ. ಆಗ ಅದನ್ನ ಒಂದು ಕಾರ್ಡಿನ ಮೇಲೆ ಮಾಡಿ ತೋರಿಸಿದ್ದರು.

ಆ ಕಾರ್ಡಿನ ಕೆಲಸ ನನಗೆ ಈಗಲೂ ಖುಷಿ ಕೊಡುತ್ತೆ. ಡಾಸ್ ಕಾಲದ ಪರದೆ ಅಂದ್ರೆ 80 ಕಂಬ, 25 ಸಾಲಿನ ಒಂದು ಚೌಕುಳಿ. ವರ್ಡ್‌ಸ್ಟಾರ್ ಆಗ್ಲಿ, ಡಿಬೇಸ್ ಆಗ್ಲಿ, ಯಾವ ಪ್ರೋಗ್ರಾಂ ಆದ್ರೂ ಮಾಡೋದು ಇಷ್ಟೇ: ಈ ಮನೆಯಲ್ಲಿ ಇಂಥ ಸಂಖ್ಯೆ ಇಡು ಅಂತ ಮೆಮೊರಿಯಲ್ಲಿ ಬರೀತಿತ್ತು. ಆ ಸಂಖ್ಯೆ ನೋಡಿ ಚಿತ್ರ ಬಿಡಿಸೋದು ಡಿಸ್‌ಪ್ಲೇ ಕಾರ್ಡ್. ಜಿಸ್ಟ್ ತಂಡ ಆ ಜಾಗದಲ್ಲೇ ಕೂತಿತು. ಸಂಖ್ಯೆ 128ಕ್ಕಿಂತ ಮೇಲಿದ್ರೆ ಅದು ಭಾರತೀಯ ಅಕ್ಷರ, ಅಕ್ಕಪಕ್ಕದ ಸಂಖ್ಯೆಗಳನ್ನು ಕೂಡಿಸಿ ಒತ್ತಕ್ಷರ ಮಾಡಿ ಬಿಡಿಸು ಅಂತ. ಪ್ರೋಗ್ರಾಂಗೆ ಏನೂ ಗೊತ್ತಿಲ್ಲ. ಅಮೆರಿಕದಲ್ಲಿ ಕನ್ನಡದ ಹೆಸರೇ ಕೇಳದವರು ಬರೆದ ಡಿಬೇಸ್, ಒಂದು ಸಾಲೂ ಬದಲಾಗದೆ ಕನ್ನಡದ ಪಟ್ಟಿ ಇಟ್ಟುಕೊಳ್ಳೋಕೆ ತಯಾರಾಯ್ತು. ಟೆಸ್ಟಿಂಗ್ ಮಾಡಿ ಗೊತ್ತಿರೋರಿಗೆ ಇದರ ಬೆಲೆ ಗೊತ್ತಾಗುತ್ತೆ. ಹಳೇ ಪ್ರೋಗ್ರಾಂ ಮುಟ್ಟಲಿಲ್ಲ ಅಂದ್ರೆ ಅದನ್ನ ಮತ್ತೆ ಮೊದಲಿಂದ ಪರೀಕ್ಷೆ ಮಾಡೋ ಅಗತ್ಯ ಕಡಿಮೆ. ಬದಲಾವಣೆ ಒಂದೇ ಕಡೆ, ತಪ್ಪಿದ್ರೆ ಹುಡುಕಬೇಕಾದದ್ದೂ ಒಂದೇ ಕಡೆ.

ಈ ಸಂಖ್ಯೆಗಳ ಪಟ್ಟಿಗೆ ಇಸ್ಕಿ ಅಂತ ಹೆಸರು. 1988ರಲ್ಲಿ ಒಂದು ರೂಪ ಬಂತು, 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನ ಐಎಸ್ 13194 ಅನ್ನೋ ಮಾನಕವಾಗಿ ಹೊರಡಿಸಿತು. ಇದರಲ್ಲಿ ಇನ್ನೊಂದು ಚಮತ್ಕಾರ ಇತ್ತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ಒಂದೇ ಪಟ್ಟಿ. ಕ ಅಂದ್ರೆ 179. ಕನ್ನಡದ ಕ ಆದ್ರೂ 179, ಮರಾಠಿಯ ಕ ಆದ್ರೂ 179. ಯಾವ ಲಿಪಿಯಲ್ಲಿ ತೋರಿಸಬೇಕು ಅನ್ನೋದಕ್ಕೆ ಮೊದಲಲ್ಲಿ ಒಂದು ಗುರುತು. ಆ ಗುರುತು ಬದಲಿಸಿದ್ರೆ ದೇವನಾಗರಿಯಲ್ಲಿ ಬರೆದ ಹೆಸರಿನ ಪಟ್ಟಿ ಹಾಗೇ ಕನ್ನಡಕ್ಕೆ ತಿರುಗುತ್ತೆ. ನಮ್ಮ ಎ-ಏ, ಒ-ಓ ವ್ಯತ್ಯಾಸ ಹಿಂದಿಯಲ್ಲಿಲ್ಲ, ಹಾಗಂತ ಬಿಡಲಿಲ್ಲ, ದಕ್ಷಿಣದ ಭಾಷೆಗಳಿಗೆ ಅಂತ ಹ್ರಸ್ವಕ್ಕೂ ಜಾಗ ಇಟ್ಟರು. ಕೀಲಿಮಣೆಯೂ ಹಾಗೇ: ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರ ಎಡಗೈಗೆ, ವ್ಯಂಜನ ಬಲಗೈಗೆ, ಎಲ್ಲ ಭಾಷೆಗೂ ಅದೇ ಜಾಗ.

ಸರಿ, ಇಷ್ಟು ಚೆನ್ನಾಗಿದ್ದದ್ದು ಯಾಕೆ ಸೋತಿತು?

ಒಂದು ಕಾರಣ ವಿಂಡೋಸ್. 1990ರ ದಶಕದ ಮೊದಲರ್ಧದಲ್ಲಿ ಡಾಸ್ ಹೋಗಿ ವಿಂಡೋಸ್ ಬಂತು. ವಿಂಡೋಸ್‌ನಲ್ಲಿ ಆ 80-25ರ ಚೌಕುಳಿಯೇ ಇಲ್ಲ, ಪ್ರತಿ ಪ್ರೋಗ್ರಾಂ ಫಾಂಟ್ ಇಟ್ಟುಕೊಂಡು ತಾನೇ ಚಿತ್ರ ಬಿಡಿಸುತ್ತೆ. ಜಿಸ್ಟ್ ಕಾರ್ಡ್ ಕೂತಿದ್ದ ಕುರ್ಚಿಯನ್ನೇ ತೆಗೆದ ಹಾಗಾಯ್ತು. ಎರಡನೇ ಕಾರಣ ಡಿಟಿಪಿ. ಪತ್ರಿಕೆ, ಪ್ರೆಸ್, ಲಗ್ನಪತ್ರಿಕೆ ಅಂಗಡಿ, ಎಲ್ಲರಿಗೂ ಬೇಕಿದ್ದದ್ದು ಪೇಜ್‌ಮೇಕರ್‌ನಲ್ಲಿ ಅಂದವಾಗಿ ಕನ್ನಡ. ಇವತ್ತು ಸಂಜೆ ಪುಟ ಪ್ರೆಸ್ಸಿಗೆ ಹೋಗಬೇಕು. ಮಾನಕ ಗೀನಕ ಯಾರಿಗೆ ಬೇಕು?

ಇಲ್ಲಿ ಪುಣೆಯ ಎರಡನೇ ದಾರಿ ಬರುತ್ತೆ. ಇದೇ ಊರಿನ ಮಾಡ್ಯುಲರ್ ಕಂಪನಿಯ ಶ್ರೀಲಿಪಿ. ಮರಾಠಿಗೂ ಕನ್ನಡಕ್ಕೂ ಇತರ ಭಾಷೆಗಳಿಗೂ ಚೆಂದದ ಫಾಂಟ್‌ಗಳು. ಕರ್ನಾಟಕದ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ ಅನ್ನೋದು ಕನ್ನಡ ಟೈಪಿಂಗಿಗೇ ಇನ್ನೊಂದು ಹೆಸರಾಗಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ನುಡಿಗೆ ಸರ್ಕಾರದ ಮುದ್ರೆಯೂ ಸಿಕ್ಕಿತು. ಇವೆಲ್ಲದರ ತಂತ್ರ ಒಂದೇ. ಇಂಗ್ಲಿಷ್ ಫಾಂಟ್ ಅಂತ ವಿಂಡೋಸ್‌ಗೆ ಹೇಳಿ, ಒಳಗೆ ಎ ಬಿ ಸಿ ಇರಬೇಕಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಡೋದು.

ತುಂಡು ಅಂದೆ ನೋಡಿ, ಅದೇ ಮುಖ್ಯ. ನುಡಿ ಫೈಲಿನಲ್ಲಿ ಕ ಅಂದ್ರೆ ತಲೆಕಟ್ಟಿಲ್ಲದ ಕ-ದ ಮೈ ಒಂದು ತುಂಡು, ತಲೆಕಟ್ಟು ಇನ್ನೊಂದು ತುಂಡು. ಮೇಲೆ ಹೇಳಿದ ದೊಡ್ಡ ಪಿ, ಗೀಟಿನ ಎ, ಇವೇ ಆ ಎರಡು. ಮ ಅಕ್ಷರ ಹೇಗಿದೆ ಗೊತ್ತಾ? ವ ಬರೆದು ಪಕ್ಕಕ್ಕೆ ಕೊಂಬು. ಕು-ವಿನ ಕೊಂಬೇ ಅದು. ಯ ಇನ್ನೂ ಮಜಾ. ಅದರ ಮೊದಲ ತುಂಡು ನಮ್ಮ ಅನುಸ್ವಾರದ ಸೊನ್ನೆ. ‘ಇಂದು’ ಪದದ ಸೊನ್ನೆಗೂ ‘ಯಾರು’ ಪದದ ಯ-ದ ಮೊದಲ ಭಾಗಕ್ಕೂ ಒಂದೇ ಸಂಖ್ಯೆ. ಕಣ್ಣಿಗೆ ನೋಡಿದ್ರೆ ಹೌದಲ್ಲ, ಅದು ಸೊನ್ನೆ ಥರಾನೇ ಇದೆ! ಕನ್ನಡ ಟೈಪ್‌ರೈಟರ್ ಬಳಸಿದವರಿಗೆ ಈ ತುಂಡು ಜೋಡಿಸೋ ಲೆಕ್ಕ ಚೆನ್ನಾಗಿ ಅರ್ಥವಾಗುತ್ತೆ. ಜಾಗ ಉಳಿಸೋಕೆ ಬಹಳ ಜಾಣತನದ ಉಪಾಯ. ಆದ್ರೆ ಕಂಪ್ಯೂಟರಿಗೆ ‘ಸೊನ್ನೆ ಇರೋ ಪದ ಹುಡುಕು’ ಅಂದ್ರೆ ಅದು ಯ ಇರೋ ಪದವನ್ನೆಲ್ಲ ತಂದು ಹಾಕುತ್ತೆ. ಅಕಾರಾದಿ ಜೋಡಿಸು ಅಂದ್ರೆ ಪೌಂಡು, ಎ, ಪಿ ಇವುಗಳ ಲೆಕ್ಕದಲ್ಲಿ ಜೋಡಿಸುತ್ತೆ.

ಅರ್ಕಾವತ್ತು ಅಂತೂ ಬಿಡಿ. ‘ಸೂರ್ಯ’ ಅಂತ ಹೇಳುವಾಗ ರ್ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವತ್ತು ಆಮೇಲೆ. ಇಸ್ಕಿ ಉಳಿಸಿದ್ದು ಹೇಳುವ ಕ್ರಮ. ಫಾಂಟಿನ ದಾರಿ ಉಳಿಸಿದ್ದು ಬರೆಯುವ ಕ್ರಮ.

ಇಲ್ಲಿ ಒಂದು ವಿಪರ್ಯಾಸ ಇದೆ, ಯಾರೂ ಹೆಚ್ಚು ಗಮನಿಸಿದ ಹಾಗಿಲ್ಲ. ನುಡಿಯಲ್ಲಿ ನಾವು ಒತ್ತುವ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ಸೇಡಿಯಾಪು ಅನ್ನೋ ತಂತ್ರಾಂಶವನ್ನು ಕನ್ನಡಿಗರಿಗೆ ಉಚಿತವಾಗಿ ಕೊಟ್ಟವರು. ಅವರ ವಿನ್ಯಾಸದಲ್ಲಿ ನೀವು ಒತ್ತೋದು ತುಂಡನ್ನಲ್ಲ, ಅಕ್ಷರವನ್ನು. ಸೂರ್ಯ ಬೇಕಾದ್ರೆ ರ, ಆಮೇಲೆ ಹಲಂತಕ್ಕೆ ಎಫ್ ಕೀ, ಆಮೇಲೆ ಯ. ಅಂದ್ರೆ ಟೈಪ್ ಮಾಡುವವರ ಬೆರಳಿನಿಂದ ಸರಿಯಾದ ಕ್ರಮವೇ ಕಂಪ್ಯೂಟರಿನ ಒಳಗೆ ಹೋಗ್ತಿತ್ತು. ಒಳಗೆ ಹೋದ ಮೇಲೆ ತಂತ್ರಾಂಶ ಅದನ್ನ ಒಡೆದು, ತಿರುಗಿಸಿ, ತುಂಡು ಮಾಡಿ ಫೈಲಿನಲ್ಲಿ ಇಡ್ತಿತ್ತು. ಸರಿಯಾದ ಮಾಹಿತಿ ಕೈಗೆ ಬಂದಿತ್ತು, ಅದನ್ನ ಎಸೆದು ಅದರ ನೆರಳನ್ನು ಇಟ್ಟುಕೊಂಡೆವು.

ಹಾಗಂತ ಆ ತಂತ್ರಾಂಶ ಮಾಡಿದವರನ್ನು ನಾನು ಬೈಯಲ್ಲ. ಕೆಲವರು ಬೈತಾರೆ, ಅದು ಅನ್ಯಾಯ. ಆಗಿನ ವಿಂಡೋಸ್‌ಗೆ ಒತ್ತಕ್ಷರ ಕೂಡಿಸೋಕೆ ಬರ್ತಿರಲಿಲ್ಲ. ಕನ್ನಡಕ್ಕೆ ಸರಿಯಾದ ಆಸರೆ ಬಂದಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅಲ್ಲೀವರೆಗೆ ಕಾಯಬೇಕಿತ್ತಾ? ಸಿ-ಡ್ಯಾಕ್ ಕೂಡ ಕಾಯಲಿಲ್ಲ! ಅಕ್ಷರ ಉಳಿಸಿ ಅಂತ ಹೇಳಿಕೊಟ್ಟ ಅದೇ ಜಿಸ್ಟ್ ಗುಂಪು ವಿಂಡೋಸ್‌ಗೆ ಅಂತ ಇಸ್ಫಾಕ್ ಅನ್ನೋ ಫಾಂಟ್ ಸಂಕೇತ ಮಾಡಿ, ಐಎಸ್‌ಎಂ ಅನ್ನೋ ತಂತ್ರಾಂಶ ಬಿಟ್ಟಿತು. ಅದರಲ್ಲೂ ವರ್ಡ್ ಫೈಲಿನೊಳಗೆ ಹೋಗಿ ಕೂರೋದು ಆಕಾರಗಳೇ. ಕನ್ನಡದಲ್ಲಿ ಪುಸ್ತಕ, ಪತ್ರಿಕೆ, ಸರ್ಕಾರಿ ಆದೇಶ ಕಂಪ್ಯೂಟರಿನಿಂದ ಹೊರಬಂದಿದ್ದು ಇವರೆಲ್ಲರ ಈ ಅಡ್ಡದಾರಿಯಿಂದಲೇ. ನನ್ನ ತಕರಾರು ಬೇರೆ. ಎಕ್ಸ್‌ಪಿ ಬಂದ ಮೇಲೂ ಹತ್ತು ಹನ್ನೆರಡು ವರ್ಷ ನಾವು ಹಳೇ ದಾರಿಯಲ್ಲೇ ನಡೆದೆವು. ತಾತ್ಕಾಲಿಕ ಅಂತ ಹಾಕಿದ ಚಪ್ಪರವನ್ನು ಮನೆ ಅಂದುಕೊಂಡೆವು.

ಈಗ ನೆಟ್‌ವರ್ಕ್ ವಿಷಯ. ಇಸ್ಕಿ ಸೋತಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ, ಆದ್ರೆ ಈ ಬಗ್ಗೆ ಯಾರೂ ಮಾತಾಡಲ್ಲ.

ಇಂಟರ್ನೆಟ್ಟಿನ ಇಮೇಲ್ ನಿಯಮ ಬರೆದದ್ದು 1982ರಲ್ಲಿ. ಅದರ ಪ್ರಕಾರ ಪತ್ರದ ಪ್ರತಿ ಅಕ್ಷರ 7 ಬಿಟ್. ಎಂಟನೇ ಬಿಟ್ ಸೊನ್ನೆ ಮಾಡಿ ಮುಂದಕ್ಕೆ ಕಳಿಸೋ ಸರ್ವರ್‌ಗಳಿದ್ದವು. ಇಸ್ಕಿಯ ಕನ್ನಡ ಪೂರ್ತಿ ನಿಂತಿರೋದೇ ಆ ಎಂಟನೇ ಬಿಟ್ ಮೇಲೆ. 179ರಿಂದ 128 ಕಳೆದರೆ 51. ಅದು ಇಂಗ್ಲಿಷ್ ಪಟ್ಟಿಯಲ್ಲಿ 3 ಅನ್ನೋ ಅಂಕಿ. ಅಂದ್ರೆ ಅಂಥ ದಾರಿಯಲ್ಲಿ ಹೋದ ಪತ್ರದಲ್ಲಿ ‘ಕ’ ಇದ್ದ ಕಡೆಯೆಲ್ಲ 3. ಆಮೇಲೆ 1992ರಲ್ಲಿ ಮೈಮ್ ಬಂದು ಇದಕ್ಕೆ ಪರಿಹಾರ ಸಿಕ್ಕಿತು ಅನ್ನಿ.

ಇನ್ನೊಂದು ಸೂಕ್ಷ್ಮ ಲಿಪಿಯ ಗುರುತಿನದ್ದು. ‘ಇಲ್ಲಿಂದ ಮುಂದೆ ಕನ್ನಡ’ ಅಂತ ಒಂದು ಗುರುತು ಹಾಕಿ ಆಮೇಲೆ ಅಕ್ಷರ ಕಳಿಸ್ತೀರಿ. ದಾರಿಯಲ್ಲಿ ಆ ಗುರುತು ಕಳೆದುಹೋದ್ರೆ? ಅಥವಾ ಉದ್ದದ ಪಠ್ಯದಲ್ಲಿ ಮಧ್ಯದ ತುಣುಕು ಮಾತ್ರ ಕತ್ತರಿಸಿಕೊಂಡ್ರೆ? ಅಕ್ಷರ ಇದೆ, ಅದು ಯಾವ ಲಿಪಿ ಅಂತ ಗೊತ್ತಿಲ್ಲ. ನೆಟ್‌ವರ್ಕ್‌ನವರು ಸ್ಥಿತಿ ಹೊತ್ತುಕೊಂಡು ತಿರುಗೋ ಸಂಕೇತಕ್ಕೆ ಹೆದರೋದು ಇದಕ್ಕೇ. ಒಂದು ಬೈಟ್ ಹೋದ್ರೆ ಅದರ ಮುಂದಿನದ್ದೆಲ್ಲ ಅರ್ಥ ಕಳೆದುಕೊಳ್ಳುತ್ತೆ.

1991ರ ಅಕ್ಟೋಬರ್‌ನಲ್ಲಿ ಬಂದ ಯೂನಿಕೋಡ್ ಈ ತೊಂದರೆ ಬಿಡಿಸಿತು. ಪ್ರತಿ ಲಿಪಿಗೂ ಬೇರೆ ಬೇರೆ ಬೀದಿ, ಪ್ರತಿ ಮನೆಗೂ ಪ್ರಪಂಚದಲ್ಲಿ ಒಂದೇ ನಂಬರು. ಕನ್ನಡದ ಬೀದಿ 3200ರಿಂದ 3327. ಆದ್ರೆ ಬೀದಿಯ ಒಳಗಿನ ಮನೆಗಳ ಸಾಲು ಯಾರದು? ನಮ್ಮ ಇಸ್ಕಿಯದು, 1988ರ ರೂಪ. ಲೆಕ್ಕ ಹಾಕಿ ನೋಡಿ: ದೇವನಾಗರಿಯ ಕ 2325, ಕನ್ನಡದ ಕ 3221. ವ್ಯತ್ಯಾಸ 896. ಗ ತಗೊಂಡ್ರೂ 896, ಮ ತಗೊಂಡ್ರೂ 896. ಜಿಸ್ಟ್ ಕಾರ್ಡ್ ಹೋಯ್ತು, ಇಸ್ಕಿ ಫೈಲ್‌ಗಳು ಹೋದವು, ಅದರ ಎಲುಬಿನ ಗೂಡು ಮಾತ್ರ ನಿಮ್ಮ ಫೋನಿನೊಳಗೆ ಹಾಗೇ ಕೂತಿದೆ. ಮೊದಲಲ್ಲಿ ಹೇಳಿದ ಗುರುತು ಇದೇ. ಆಮೇಲೆ 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ನ್ಯೂ ಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತು ಯುಟಿಎಫ್-8 ರೂಪಿಸಿದರು. ಅದರಲ್ಲಿ ಎಲ್ಲಿಂದ ಓದೋಕೆ ಶುರು ಮಾಡಿದ್ರೂ ಮುಂದಿನ ಅಕ್ಷರ ಎಲ್ಲಿ ಶುರು ಅಂತ ಗೊತ್ತಾಗುತ್ತೆ, ನೆಟ್‌ವರ್ಕಿಗೆ ಹೇಳಿ ಮಾಡಿಸಿದ ಹಾಗೆ.

ಇದಕ್ಕೆ ನಾವು ಕೊಟ್ಟ ಬೆಲೆಯೂ ಉಂಟು. ಇಸ್ಕಿಯಲ್ಲಿ 1 ಬೈಟ್ ಇದ್ದ ಕ, ಯುಟಿಎಫ್-8ರಲ್ಲಿ 3 ಬೈಟ್. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಆ 70ರಲ್ಲೂ ‘ರಾಷ್ಟ್ರ’ ಅನ್ನೋ ಎರಡಕ್ಷರದ ಪದ 7 ತಿಂದುಬಿಡುತ್ತೆ.

ಈಗ ಆ ಸಾಲದ ವಿಷಯಕ್ಕೆ ಬರ್ತೀನಿ. ಎರಡು ವರ್ಷದ ಹಿಂದೆ ಕರ್ನಾಟಕದ ಒಂದು ಸಣ್ಣ ಮಾಸಿಕದವರು, ಹೆಸರು ಬೇಡ, ಹಳೇ ಸಂಚಿಕೆಗಳನ್ನ ಯೂನಿಕೋಡ್‌ಗೆ ತರೋಕೆ ಆಗುತ್ತಾ ಅಂತ ಸ್ನೇಹಿತರ ಮೂಲಕ ಕೇಳಿದರು. ಸಿಡಿಗಳಲ್ಲಿ ಪೇಜ್‌ಮೇಕರ್ ಫೈಲುಗಳು. ಬರೆದವರಲ್ಲಿ ಎಷ್ಟೋ ಜನ ಈಗಿಲ್ಲ. ಮುದ್ರಿತ ಪ್ರತಿಗಳಿಗೆ ಗೆದ್ದಲು. ಸಂಪಾದಕರು ಫೋನಿನಲ್ಲಿ ಹೇಳಿದ ಮಾತು: “ಸರ್, ಎಲ್ಲಾ ಕಂಪ್ಯೂಟರಲ್ಲಿ ಇದೆ ಅಂತ ಧೈರ್ಯವಾಗಿದ್ವಿ.”

ಕೆಲಸ ಕೇಳೋಕೆ ಸುಲಭ. ಒಂದು ಕೋಷ್ಟಕ ಮಾಡಿ, ಇಂಥ ತುಂಡುಗಳು ಬಂದ್ರೆ ಇಂಥ ಅಕ್ಷರ ಅಂತ. ಉದ್ದದ ಜೋಡಣೆ ಮೊದಲು ಹುಡುಕಬೇಕು, ಇಲ್ಲಾಂದ್ರೆ ಮ ಬರೋ ಕಡೆಯೆಲ್ಲ ವ ಬಂದು ಕೂರುತ್ತೆ. ಅರ್ಕಾವತ್ತು ಕಂಡ್ರೆ ಹಿಂದಕ್ಕೆ ಹೋಗಿ ಅಕ್ಷರದ ಮುಂದೆ ರ್ ಹಾಕಬೇಕು. ಎಷ್ಟು ಹಿಂದಕ್ಕೆ? ‘ಸೂರ್ಯ’ದಲ್ಲಿ ಒಂದೇ ವ್ಯಂಜನ ದಾಟಿದ್ರೆ ಸಾಕು, ‘ಪಾರ್ಶ್ವ’ದಲ್ಲಿ ಶ, ಅದರ ಕೆಳಗಿನ ವ ಒತ್ತು ಎರಡನ್ನೂ ದಾಟಬೇಕು. ಇಷ್ಟು ಬರೆದರೆ ಮುಕ್ಕಾಲು ಭಾಗ ಆಗುತ್ತೆ. ಉಳಿದ ಕಾಲು ಭಾಗಕ್ಕೆ ಮೂರು ತಿಂಗಳ ಶನಿವಾರ ಭಾನುವಾರ ಹೋಯ್ತು. ಯಾಕಂದ್ರೆ ಲೇಖನದ ನಡುವೆ ಇಂಗ್ಲಿಷ್ ಪದ ಇರುತ್ತೆ. ದೊಡ್ಡ ಪಿ ಕಂಡ್ರೆ ಅದು ನಿಜವಾದ ಪಿ-ನಾ, ಕ-ದ ಮೈಯಾ? ಫಾಂಟಿನ ಹೆಸರು ಜೊತೆಗಿದ್ರೆ ಗೊತ್ತಾಗುತ್ತೆ. ಯಾರೋ ಪುಣ್ಯಾತ್ಮರು ಜಾಗ ಉಳಿಸೋಕೆ ಅಂತ ಬರೀ ಪಠ್ಯವಾಗಿ ಉಳಿಸಿದ್ದ ಫೈಲ್‌ಗಳಲ್ಲಿ ಆ ಹೆಸರೂ ಇಲ್ಲ. ಎರಡು ಸಂಚಿಕೆಗಳಲ್ಲಿ ನುಡಿಯೂ ಅಲ್ಲದ ಶ್ರೀಲಿಪಿಯೂ ಅಲ್ಲದ ಒಂದು ಫಾಂಟ್. ಆ ಫಾಂಟ್ ಫೈಲ್ ಯಾರ ಹತ್ರವೂ ಉಳಿದಿರಲಿಲ್ಲ. ಅವೆರಡನ್ನು ಕೊನೆಗೆ ಮುದ್ರಿತ ಪ್ರತಿ ನೋಡಿ ಮತ್ತೆ ಟೈಪ್ ಮಾಡಿಸಿದ್ದಾಯ್ತು.

ಯೂನಿಕೋಡ್ ಬಂದ ಮೇಲೆ ಎಲ್ಲ ಸರಿಹೋಯ್ತು ಅಂತಲೂ ಇಲ್ಲ. ನಾನು ಯಾವ ಪ್ರಾಜೆಕ್ಟಿಗೆ ಹೋದ್ರೂ ಕನ್ನಡ ಇದೆ ಅಂದ್ರೆ ಒಂದು ಸಣ್ಣ ಪದಪಟ್ಟಿ ಹಿಡ್ಕೊಂಡು ಹೋಗ್ತೀನಿ. ‘ಸ್ತ್ರೀ’ ಅದರಲ್ಲಿ ಮೊದಲನೆಯದು. 10 ಬೈಟ್‌ನ ಕಾಲಮಿನಲ್ಲಿ ಇದನ್ನ ಹಾಕಿ, ಇರೋದು 18 ಬೈಟ್. ಮೂರು ಅಕ್ಷರ ಉಳಿದು ನಾಲ್ಕನೆಯದರ ಒಂದು ಬೈಟ್ ನೇತಾಡುತ್ತೆ, ತೋರಿಸೋಕೆ ಹೋದ್ರೆ ಪ್ರಶ್ನೆಗುರುತು. ಅರ್ಜಿಗಳಲ್ಲಿ ಉದ್ದ ಹೆಸರಿನವರಿಗೆ ಬಾಲ ಕತ್ತರಿಸೋದು ಎಷ್ಟೋ ಸಲ ಹೀಗೇ. ಎರಡನೆಯದು ‘ಕೊ’. ಒಕಾರದ ಚಿಹ್ನೆಯನ್ನು ಒಂದೇ ಸಂಖ್ಯೆಯಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಅಂತ ಎರಡಾಗಿಯೂ ಇಡಬಹುದು. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಹೋಲಿಸುವ ಮುಂಚೆ ಒಂದೇ ರೂಪಕ್ಕೆ ತರದಿದ್ರೆ ‘ಕೊಪ್ಪಳ’ ಇದ್ದೂ ಸಿಗಲ್ಲ. ಆಮೇಲೆ ‘ರ‍್ಯಾಂಕ್’. ಸುಮ್ನೆ ರ, ಹಲಂತ, ಯ ಇಟ್ರೆ ಯೂನಿಕೋಡ್ ಅರ್ಕಾವತ್ತು ಹಾಕಿಬಿಡುತ್ತೆ, ‘ಸೂರ್ಯ’ದ ಹಾಗೆ. ರ-ಕ್ಕೆ ಯ ಒತ್ತು ಬೇಕಾದ್ರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇಡಬೇಕು. ‘ಸಾಫ್ಟ್‌ವೇರ್’ ಪದದ ಮಧ್ಯದಲ್ಲಿ ಇದಕ್ಕೆ ಉಲ್ಟಾ, ಒತ್ತಾಗದ ಹಾಗೆ ತಡೆಯೋ ಕಾಣದ ಗುರುತು. ಕೆಲವರು ಹಾಕ್ತಾರೆ, ಕೆಲವರು ಹಾಕಲ್ಲ, ಹುಡುಕುವವರು ಕಂಗಾಲು. ಕೊನೆಯದು ನನ್ನ ಅಚ್ಚುಮೆಚ್ಚಿನ ತಪ್ಪು: ಅನುಸ್ವಾರದ ಬದಲು ಅಂಕಿಯ ಸೊನ್ನೆ. ಎರಡೂ ದುಂಡಗೆ. ಪರದೆಯಲ್ಲಿ ‘ಬೆಂಗಳೂರು’ ಅಂತಲೇ ಕಾಣುತ್ತೆ, ಒಳಗೆ ನಡುವೆ ಒಂದು ಅಂಕಿ ಕೂತಿರುತ್ತೆ. ಟೈಪ್ ಮಾಡುವವರಿಗೆ ಆಕಾರ ಸಾಕು ಅಂತ ಅನ್ನಿಸೋ ಅಭ್ಯಾಸ ಇನ್ನೂ ಹೋಗಿಲ್ಲ.

ಇಂಥ ಪದ ಹಿಡಿದು ಟೆಸ್ಟ್ ಮಾಡ್ತೀನಿ ಅಂದ್ರೆ ಕೆಲವು ಮ್ಯಾನೇಜರ್‌ಗಳು ನಗ್ತಾರೆ. ಅವರಿಗೆ ನಾನು 2018ರ ಫೆಬ್ರವರಿ ನೆನಪು ಮಾಡ್ತೀನಿ. ತೆಲುಗಿನ ‘ಜ್ಞಾ’ ಅನ್ನೋ ಒಂದು ಅಕ್ಷರ, ನಡುವೆ ಆ ಕಾಣದ ತಡೆಗುರುತು ಸೇರಿದ ರೂಪದಲ್ಲಿ, ಮೆಸೇಜ್‌ನಲ್ಲಿ ಬಂದ್ರೆ ಐಫೋನಿನ ಆ್ಯಪ್‌ಗಳು ಬಿದ್ದುಹೋಗ್ತಿದ್ದವು. ಆ್ಯಪಲ್ ಅದೇ ತಿಂಗಳು ಐಓಎಸ್ 11.2.6 ಬಿಟ್ಟು ಸರಿಮಾಡಿತು. ನಮ್ಮ ಪಕ್ಕದ ಮನೆಯ ಲಿಪಿ, ಒಂದೇ ಒಂದು ಒತ್ತಕ್ಷರ.

ಸರಿಮಾಡೋಕೇ ಆಗದ ತಪ್ಪೂ ಒಂದಿದೆ. ಹಳಗನ್ನಡದ ೞ ಅಕ್ಷರ ನೆನಪಿದೆಯಲ್ಲ? ಯೂನಿಕೋಡ್‌ನಲ್ಲಿ ಅದರ ನಂಬರು 3294. ಅದರ ಅಧಿಕೃತ ಹೆಸರು ಮಾತ್ರ ‘ಫ’, ಫ್ಯಾನ್ ಅನ್ನೋವಾಗಿನ ಇಂಗ್ಲಿಷ್ ಎಫ್ ಉಚ್ಚಾರದ್ದು. ಪಂಪ ರನ್ನರ ಅಕ್ಷರಕ್ಕೆ ಎಫ್! ಹೆಸರು ತಪ್ಪು ಅಂತ ಎಲ್ಲರಿಗೂ ಗೊತ್ತು, ಯೂನಿಕೋಡ್‌ನವರೇ ಒಪ್ಪಿಕೊಂಡು ಪಕ್ಕದಲ್ಲಿ ಸರಿಯಾದ ಹೆಸರನ್ನೂ ದಾಖಲಿಸಿದ್ದಾರೆ. ಆದ್ರೆ ಒಮ್ಮೆ ಇಟ್ಟ ಹೆಸರು ಯಾವತ್ತೂ ಬದಲಿಸಲ್ಲ ಅನ್ನೋದು ಅವರ ನಿಯಮ, ಯಾಕಂದ್ರೆ ಎಲ್ಲೋ ಯಾವುದೋ ಪ್ರೋಗ್ರಾಂ ಆ ಹೆಸರನ್ನು ನೆಚ್ಚಿಕೊಂಡಿರಬಹುದು. ನನಗೆ ಸಿಟ್ಟು ಬರುತ್ತೆ, ಆದ್ರೂ ಇಂಜಿನಿಯರ್ ಆಗಿ ನಿಯಮ ಸರಿ ಅಂತಲೇ ಹೇಳ್ತೀನಿ. ಅದರ ಪಕ್ಕದ ಮನೆ 3293 ಬಹಳ ವರ್ಷ ಖಾಲಿ ಇತ್ತು. 2021ರಲ್ಲಿ ಹಳಗನ್ನಡದ ನಕಾರ ಪೊಲ್ಲು ಅಲ್ಲಿಗೆ ಬಂತು. ಈ ಸಲ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ, ಊರಿನ ಪ್ರೆಸ್ಸಿನಲ್ಲೋ, ಸಂಘದ ಕಪಾಟಿನಲ್ಲೋ ಹಳೇ ಸಿಡಿ, ಹಳೇ ಕಂಪ್ಯೂಟರ್ ಇದ್ರೆ ಗುಜರಿಗೆ ಹಾಕುವ ಮುಂಚೆ ಬರೀ ಫೈಲುಗಳನ್ನಲ್ಲ, ಅದರ ವಿಂಡೋಸ್ ಫೋಲ್ಡರಿನ ಒಳಗಿರೋ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ನಕಲು ಮಾಡಿ ಇಟ್ಕೊಳ್ಳಿ. ಫಾಂಟ್ ಇದ್ರೆ ಯಾವ ತುಂಡು ಯಾವ ಸಂಖ್ಯೆಯಲ್ಲಿದೆ ಅಂತ ನೋಡಿ ಕೋಷ್ಟಕ ಕಟ್ಟಬಹುದು. ಸಾಧ್ಯವಾದ್ರೆ ಒಂದು ಮುದ್ರಿತ ಪುಟವನ್ನೂ ಜೊತೆಗೆ ಇಡಿ, ಹೊಂದಿಸಿ ನೋಡೋಕೆ ಬೇಕಾಗುತ್ತೆ. ಪಾರಿವರ್ತಕದ ಕೋಷ್ಟಕದಲ್ಲಿ ಅರ್ಕಾವತ್ತು ಹಿಂದೆ ಸರಿಸೋ ಭಾಗವನ್ನು ಹಂತ ಹಂತವಾಗಿ ಬರೆಯೋದನ್ನ ಮುಂದಿನ ವಿಡಿಯೋದಲ್ಲಿ ಮಾಡ್ತೀನಿ.